ಹಿಡಿ ಅಕ್ಕಿಗೊಂದು ಶೀಲ್ಡು

ಅನ್ನಕ್ಕೆ ಅಳೆದ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ದೇವರ ಡಬ್ಬಕ್ಕೆ ಹಾಕಿ, ಆಮೇಲೆಯೇ ಒಲೆ ಹತ್ತಿಸುವುದು ಮಿಜೋ ಹೆಂಗಸರ ಪದ್ಧತಿ. ರೊಖುಮಿಯ ಅಜ್ಜಿ ಹಾಕಿದಳು, ಅವ್ವ ಹಾಕಿದಳು. ಶನಿವಾರ ನಾಲ್ಕು ಹೆಂಗಸರು ಮನೆಮನೆಗೆ ಹೋಗಿ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದುಕೊಂಡು ಚರ್ಚಿಗೆ ಹೊರುತ್ತಿದ್ದರು. ಯಾವ ಕಾಳು ಯಾರದೆಂದು ಯಾರಿಗೂ ಗೊತ್ತಿರಲಿಲ್ಲ, ಯಾರಿಗೂ ಬೇಕೂ ಇರಲಿಲ್ಲ.

ಅದನ್ನು ಕೆಡಿಸಿದವನು ಸಭೆಯ ಹಿರಿಯ ಸಾಂಗ್‌ಜುವಾಲಾ. ಐದು ವರ್ಷದ ಹಿಂದೆ ಆ ಪುಣ್ಯಾತ್ಮ ಎಲ್ಲಿಂದಲೋ ಒಂದು ತಕ್ಕಡಿ ತಂದ. ಪ್ರತಿ ಮನೆಯ ಅಕ್ಕಿಯನ್ನೂ ಬೇರೆಬೇರೆಯಾಗಿ ತೂಗಬೇಕು, ಹೆಚ್ಚು ಕೊಟ್ಟ ಮನೆಗೆ ವರ್ಷದ ಕೊನೆಗೆ ಗಾಜಿನ ಶೀಲ್ಡು. "ಪೈಪೋಟಿ ಇದ್ರೆ ತಾನೇ ಭಕ್ತಿ ಬೆಳೆಯೋದು!" ಎಂದು ಬೋಧನೆಯ ಪೀಠದಿಂದಲೇ ಸಾರಿದ. ದೇವರ ಮನೆಯಲ್ಲಿ ನಿಂತು ಇಂಥ ಮಾತಾಡಲು ಅವನಿಗೆ ನಾಲಗೆಯಾದರೂ ಹೇಗೆ ಹೊರಳಿತೋ!

ಮೊದಲ ನಾಲ್ಕು ವರ್ಷವೂ ಶೀಲ್ಡು ರೊಖುಮಿಗೇ. ಅವಳ ಒಂದು ಹಿಡಿ ಒಂದು ಬಟ್ಟಲಾಯಿತು, ಆಮೇಲೆ ಎರಡಾಯಿತು. ಗೋಡೆಯ ಹಲಗೆಯಲ್ಲಿದ್ದ ಬೈಬಲ್ಲು ಪಕ್ಕಕ್ಕೆ ಸರಿದು ನಾಲ್ಕು ಶೀಲ್ಡುಗಳಿಗೆ ಜಾಗ ಬಿಟ್ಟಿತು. ಅಕ್ಕಪಕ್ಕ ಪ್ಲಾಸ್ಟಿಕ್ ಹೂವು. ದಿನಾ ಬೆಳಗ್ಗೆ ಒರೆಸಬೇಕು, ಬೇರೆಯವರು ಮುಟ್ಟಕೂಡದು. ಅವಳ ಮುತ್ತಜ್ಜಿ ಕಾಡಿನ ಭೂತಗಳಿಗೆ ಕೋಳಿ ಕೊಯ್ಯುವುದನ್ನು ಬಿಟ್ಟು, ಊರವರ ಬೈಗುಳ ತಿಂದು, ಕ್ರಿಸ್ತನ ಕಡೆ ಬಂದವಳು. ಮರಿಮಗಳು ಗಾಜಿನ ಚೂರುಗಳ ಮುಂದೆ ಗಂಡನ ಊಟವನ್ನೇ ಬಲಿ ಕೊಡುತ್ತಿದ್ದಳು.

"ದೇವ್ರಿಗೆ ಬಡಿಸಿ ಮಿಕ್ಕಿದ್ರೆ ನಂಗೂ ಒಂದು ತುತ್ತು ಹಾಕೇ ಮಾರಾಯ್ತಿ" ಎಂದು ಗಂಡ ಗೊಣಗುತ್ತಿದ್ದ.

"ಬಾಯಿ ಮುಚ್ಕೊಂಡು ಸೊಪ್ಪು ತಿನ್ನಿ."

ಐದನೆಯ ವರ್ಷ ಗುಡ್ಡ ಕುಸಿದು ರಸ್ತೆ ಮುಚ್ಚಿತು. ರೇಷನ್ ಅಕ್ಕಿ ಬರಲಿಲ್ಲ. ಕೆಳಗಿನ ಮನೆಯ ವಿಧವೆ ಸಿಯಾಮ್‌ಕಿಮಿ ಬಾಗಿಲಿಗೆ ಬಂದಳು.

"ಅಕ್ಕಾ, ಎರಡು ಬಟ್ಟಲು ಅಕ್ಕಿ ಕೊಡ್ತೀಯಾ? ಅಮ್ಮಂಗೆ ಗಂಜಿ ಬಿಟ್ರೆ ಏನೂ ಇಳಿಯಲ್ಲ."

ದೇವರ ಡಬ್ಬ ಕಂಠಮಟ್ಟ ತುಂಬಿ ಕಣ್ಣೆದುರೇ ಕುಳಿತಿತ್ತು. "ಅದು ದೇವರ ಅಕ್ಕಿ ಕಿಮಿ, ಅದಕ್ಕೆ ಕೈ ಹಾಕೋಕಾಗತ್ತಾ?" ಎಂದಳು ರೊಖುಮಿ.

ದೇವರ ಅಕ್ಕಿಯಂತೆ! ಹಸಿದವಳ ಮುಂದೆ ದೇವರ ಹೆಸರನ್ನೇ ಬಾಗಿಲಿಗೆ ಅಗುಳಿಯಾಗಿ ಹಾಕಿದಳಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆ ಶನಿವಾರ ಅಕ್ಕಿ ಎತ್ತುವ ಸರದಿ ರೊಖುಮಿಯದೇ. ಕಿಮಿಯ ಮನೆ ದಾಟಿ ಹೋಗಬೇಕೆನ್ನುವಷ್ಟರಲ್ಲಿ ಅವಳೇ ಹೊರಗೆ ಬಂದು ಒಂದು ಹಿಡಿ ಅಕ್ಕಿ ತಕ್ಕಡಿಗೆ ಹಾಕಿದಳು. ಮುಳ್ಳು ಅಲುಗಲೂ ಇಲ್ಲ.

"ಇದೆಲ್ಲಿಂದ ಬಂತು?"

"ಮದುವೆಗೆ ನೇಯ್ದ ಬಟ್ಟೆ ಇತ್ತಲ್ಲ, ಕೆಳಗಿನೂರಲ್ಲಿ ಕೊಟ್ಟು ಅಕ್ಕಿ ತಂದೆ. ಒಲೆ ಮೇಲೆ ಇಡೋಕೆ ಮುಂಚೆ ಒಂದು ಹಿಡಿ ತೆಗೀಬೇಕಲ್ಲ."

ರೊಖುಮಿ ಮುಂದಿನ ಮನೆಗೆ ಹೋಗಲಿಲ್ಲ. ಚೀಲವನ್ನು ಜೊತೆಯವಳ ಬೆನ್ನಿಗೆ ಹೊರಿಸಿ ಮನೆಗೆ ಬಂದು ಹಲಗೆಯ ಕಡೆ ನೋಡುತ್ತ ಕುಳಿತಳು. ನಾಚಿಕೆಯಿಂದ ಊಟ ಸೇರಲಿಲ್ಲ.

ಮರುದಿನವೇ ವರ್ಷದ ಕೊನೆಯ ಭಾನುವಾರ. ಚರ್ಚಿನಲ್ಲಿ ಹಾಡಿನ ಡೋಲು ನಿಂತಿತು, ಸಾಂಗ್‌ಜುವಾಲಾ ಐದನೆಯ ಬಾರಿ ಅವಳ ಹೆಸರು ಕೂಗಿದ. ಜನ ಚಪ್ಪಾಳೆ ತಟ್ಟಿದರು. ರೊಖುಮಿ ಎದ್ದಳು, ಮುಂದೆ ಹೋಗಲಿಲ್ಲ.

"ನಂಗಿದು ಬೇಡ. ಇದಕ್ಕೋಸ್ಕರ ನಾನು ಕಿಮಿನ ಬರಿಗೈಲಿ ಕಳಿಸಿದೀನಿ. ನಾಲ್ಕು ವರ್ಷದಿಂದ ನಾನು ಕೈ ಮುಗಿದಿದ್ದು ಶೀಲ್ಡಿಗೆ, ಯೇಸುವಿಗಲ್ಲ."

ಸಾಂಗ್‌ಜುವಾಲಾ ಕೈಯಲ್ಲಿದ್ದ ಪಟ್ಟಿ ನೋಡಿ, "ಹಾಗಾದ್ರೆ... ಎರಡನೇ ಸ್ಥಾನದವರು ಬನ್ನಿ" ಎಂದ. ಆ ಎರಡನೆಯವಳು ನಗುನಗುತ್ತ ಹೋಗಿ ಇಸಿದುಕೊಂಡಳು! ಚಪ್ಪಾಳೆಯೂ ಬಿತ್ತು! ಇಂಥವರಿಗೆ ಏನು ಹೇಳಿ ಏನು ಪ್ರಯೋಜನ?

ರೊಖುಮಿ ಮನೆಗೆ ಬಂದು ಅಕ್ಕಿಯ ಬುಟ್ಟಿಯನ್ನು ಹಣೆಗೆ ಸಿಕ್ಕಿಸುವ ಪಟ್ಟಿಗೆ ಕಟ್ಟಿ ಬೆನ್ನಿಗೆ ಹೊತ್ತು, ಗುಡ್ಡದ ಮೆಟ್ಟಿಲಿಳಿದು ಕಿಮಿಯ ಬಾಗಿಲಲ್ಲಿ ನಿಂತಳು. ಕಿಮಿ ಬುಟ್ಟಿಯನ್ನು ಇಳಿಸಿಕೊಳ್ಳಲಿಲ್ಲ.

"ಚರ್ಚಲ್ಲಿ ಎಲ್ಲರ ಮುಂದೆ ನನ್ನ ಹಸಿವನ್ನೂ ಸಾರಿದೆ. ಅದಕ್ಕೆ ನನ್ನನ್ನ ಕೇಳಿದ್ಯಾ ಅಕ್ಕಾ?"

ತಪ್ಪು ಒಪ್ಪಿಕೊಳ್ಳುವಾಗಲೂ ತಾನು ಜನರ ಮುಂದೆಯೇ ನಿಂತಿದ್ದೆನೆಂದು ಆಗ ರೊಖುಮಿಗೆ ಹೊಳೆಯಿತು.

"ತಪ್ಪಾಯ್ತು ಕಿಮಿ" ಎಂದಳು.

"ಇಲ್ಲಿ ಚಪ್ಪಾಳೆ ತಟ್ಟೋರು ಯಾರೂ ಇಲ್ಲ" ಎಂದು ಕಿಮಿ ಬಾಗಿಲು ಬಿಟ್ಟು ಸರಿದಳು. "ಒಳಗೆ ಬಾ. ಒಲೆ ಊದು, ಅಮ್ಮಂಗೆ ಗಂಜಿ ಕಾಯಿಸ್ಬೇಕು."