ಓದದೆ ಹಿಂದಿರುಗಿಸಿದ ಕಾರ್ಡು

ನಾನು ಕೊಟ್ಟ ಕಾರ್ಡನ್ನು ಓದದೆಯೇ ನನಗೆ ರಕ್ತ ಕೊಟ್ಟರು. ನನಗಾದ ಅನ್ಯಾಯ ಇಷ್ಟೇ. ಅದರಿಂದ ಪ್ರಾಣ ಹೋಗುವುದರಲ್ಲಿತ್ತು. ಜೊತೆಗೆ ನಡೆದ ಇನ್ನೊಂದು ಸಂಗತಿಯನ್ನು ಮಾತ್ರ ನಾನು ಇಂದಿಗೂ ವಿವರಿಸಲಾರೆ. ಇಂಥವನ್ನು ನಂಬುವ ಮಕ್ಕಳನ್ನು ತರಗತಿಯಲ್ಲಿ ಗದರಿಸಿಯೇ ನಿವೃತ್ತಳಾದವಳು ನಾನು.

ಎರಡನೆಯ ಹೆರಿಗೆಯಲ್ಲಿ ರಕ್ತ ಪಡೆದಾಗ ಹುಬ್ಬಳ್ಳಿಯ ವೈದ್ಯರು ಆ ಕಾರ್ಡು ಬರೆದುಕೊಟ್ಟಿದ್ದರು: ಗುಂಪು ಹೊಂದಿದರೂ ಒಂದು ಬಗೆಯ ರಕ್ತ ನನಗೆ ಒಗ್ಗದು, ಮುಂದೆ ರಕ್ತ ಕೊಡುವವರು ಇದನ್ನು ನೋಡತಕ್ಕದ್ದು. ನಿವೃತ್ತಿಯ ನಂತರ ಕಾಶಿಯಲ್ಲೇ ಇರಲೆಂದು ಬರುವಾಗಲೂ ಅದು ನನ್ನ ಚೀಲದಲ್ಲಿತ್ತು. ನಾಲ್ಕು ವರ್ಷಗಳ ಹಿಂದೆ ಘಾಟಿನ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡೆ. ಆಸ್ಪತ್ರೆಯ ಕಿರಿಯ ವೈದ್ಯ ನಮ್ಮ ಮೈಸೂರಿನವನೇ. ಕಾರ್ಡಿನ ಅಂಚು ಹಿಡಿದು ನಕ್ಕ.

“ಟೀಚರಮ್ಮ, ಇದನ್ನ ಮ್ಯೂಸಿಯಂಗೆ ಕೊಡಿ. ಇವತ್ತಿನ ಟೆಸ್ಟಲ್ಲಿ ಎಲ್ಲ ಮ್ಯಾಚ್ ಆಗಿದೆ.”

ಕಾರ್ಡನ್ನು ಹಿಂದಿರುಗಿಸಿ, ಶಸ್ತ್ರಚಿಕಿತ್ಸೆಯ ವೇಳೆ ರಕ್ತ ಕೊಡಿಸಿದ. ಅದಾದ ಆರನೆಯ ದಿನ ಗೋದೌಲಿಯಾ ವೃತ್ತದ ಹಿಂದಿನ ಗಲ್ಲಿಯಲ್ಲಿರುವ ಧರ್ಮಶಾಲೆಗೆ ಮರಳಿದೆ. ನನ್ನ ಕೋಣೆಯಲ್ಲೇ ಇರುವ ನೀಲವ್ವ ಗದಗಿನ ಕಡೆಯ ವಿಧವೆ, ಅಕ್ಷರ ಬಾರದವಳು. ನಾನು ಬಿದ್ದದ್ದು ಅವಳಿಗೆ ಗೊತ್ತಿತ್ತು; ರಕ್ತದ ವಿಷಯ ಯಾರೂ ಹೇಳಿರಲಿಲ್ಲ. ಕೂರಿಸಲೆಂದು ಮಣಿಕಟ್ಟು ಹಿಡಿದವಳು ಥಟ್ಟನೆ ಬಿಟ್ಟಳು.

“ಅಕ್ಕಾರ, ನಿಮ್ಮೊಳಗ ಯಾರೋ ಜಗಳ ಆಡಾಕತ್ತಾರ್ರಿ. ದ್ವಾದಶಿ ಮುಂಜಾನಿ ಮೈ ಹಳದಿ ಆಗ್ತೈತಿ. ರಿಕ್ಷಾದಾಂವಗ ಹೇಳಿ ಇಟ್ಟಿರ್ತೀನಿ.”

“ನಿನ್ನ ಕಣಿ ನಿನ್ನಲ್ಲೇ ಇರಲಿ” ಎಂದು ಗದರಿದೆ.

ದ್ವಾದಶಿಗೆ ಇನ್ನೂ ಮೂರು ದಿನವಿತ್ತು. ಅಂದು ಬೆಳಗ್ಗೆ ಚಳಿಜ್ವರ, ಹಳದಿ ಕಣ್ಣು, ಕಪ್ಪು ಚಹಾದ ಬಣ್ಣದ ಮೂತ್ರ. ನೀಲವ್ವ ನನ್ನನ್ನು ಕುರ್ಚಿ ಸಮೇತ ಹೊರಿಸಿದಳು. ಗಲ್ಲಿಯ ಬಾಯಲ್ಲಿ ರಿಕ್ಷಾ ನಸುಕಿನಿಂದಲೇ ಕಾದಿತ್ತು.

ಆಸ್ಪತ್ರೆಯಲ್ಲಿ ಹಿರಿಯ ವೈದ್ಯೆ ಕಾರ್ಡು ಓದಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಆ ಬಗೆಯ ರಕ್ತದ ವಿರುದ್ಧ ಹೆರಿಗೆಯ ಕಾಲದಲ್ಲೇ ನನ್ನ ದೇಹದಲ್ಲಿ ಹುಟ್ಟಿದ್ದ ಪ್ರತಿಕಾಯಗಳು ವರ್ಷಗಳಲ್ಲಿ ಕ್ಷೀಣಿಸಿದ್ದರಿಂದ ಪರೀಕ್ಷೆಗೆ ಸಿಗಲಿಲ್ಲ. ದೇಹ ಮಾತ್ರ ಮರೆತಿರಲಿಲ್ಲ. ಅದೇ ಬಗೆಯ ರಕ್ತ ಮತ್ತೆ ಬಂದಾಗ ಕೆಲವೇ ದಿನಗಳಲ್ಲಿ ಅವು ಹೆಚ್ಚಿಕೊಂಡು ಅದನ್ನು ಒಡೆಯತೊಡಗಿದವು. ಇನ್ನೂ ತಡವಾಗಿದ್ದರೆ ಮೂತ್ರಪಿಂಡಗಳು ಉಳಿಯುತ್ತಿರಲಿಲ್ಲವಂತೆ.

ಹೇಗೆ ತಿಳಿಯಿತೆಂದು ನೀಲವ್ವನನ್ನು ಹಲವು ಸಲ ಕೇಳಿದ್ದೇನೆ.

“ಯಾರಿಗ್ಗೊತ್ರೀ? ಕೈ ಹಿಡದೆ, ತಿಳೀತು.”

ಸೂಜಿಯ ಗುರುತು ನೋಡಿರಬಹುದು. ಅದು ಗ್ಲೂಕೋಸಿನದೂ ಆಗಿರಬಹುದಿತ್ತು. ಅವಳು ಕೈ ಹಿಡಿದ ದಿನ ಕಣ್ಣಿನ ಬಣ್ಣ ತಿಳಿಯಾಗಿಯೇ ಇತ್ತು, ಕನ್ನಡಿಯಲ್ಲಿ ನಾನೇ ನೋಡಿದ್ದೆ. ದಿನವನ್ನು ಹೇಗೆ ಹೇಳಿದಳು? ಅವಳನ್ನು ಕೇಳುವುದನ್ನು ಈಗ ಬಿಟ್ಟಿದ್ದೇನೆ.

ನಿಮ್ಮನ್ನು ಕೇಳುವುದನ್ನು ಬಿಟ್ಟಿಲ್ಲ, ಮೈಸೂರಿನ ಡಾಕ್ಟರೇ. ಆ ಕಾರ್ಡಿನಲ್ಲಿ ಇದ್ದದ್ದು ಆರು ಸಾಲು. ಓದಲು ನಿಮಗೆ ಏನು ಅಡ್ಡ ಬಂದಿತ್ತು?