ಬಲಗಡೆ ಒಂದು ಬೆರಳು ಉದ್ದ

ನನ್ನ ತಂಗಿ ಹೆರಿಗೆಯಲ್ಲಿ ತೀರಿಕೊಂಡಾಗ ಅವಳ ಮಗಳನ್ನು ನಾನು ಅಂಕೋಲೆಯ ನಮ್ಮ ಮನೆಗೆ ತಂದೆ. ನನಗೆ ಮದುವೆಯಾಗಿರಲಿಲ್ಲ, ಆಗುವ ಆಸೆಯೂ ಅಷ್ಟೊತ್ತಿಗೆ ಹೋಗಿತ್ತು. ಓಣಿಯ ಹೆಂಗಸರ ರವಿಕೆ ಹೊಲಿದುಕೊಂಡಿದ್ದವಳ ಕೈಗೆ ಹಸಿಕೂಸು ಬಂತು. ಮಾತು ಬಂದ ಮೇಲೆ ಅವಳು ನನ್ನನ್ನು ಆಯಿ ಎಂದಾಗಲೆಲ್ಲ, 'ಆಯಿ ಅಲ್ವೇ, ದೊಡ್ಡಾಯಿ' ಎಂದು ತಿದ್ದುತ್ತಿದ್ದೆ. ತಾಯಿಯನ್ನು ಕರೆಯುವ ಆಯಿ ಎಂಬ ಹೆಸರನ್ನು ಸತ್ತ ತಂಗಿಗೆಂದು ಎತ್ತಿಟ್ಟಿದ್ದೆ. ಸತ್ತವರಿಗೆ ಯಾತಕ್ಕೆ ಬೇಕಿತ್ತೋ ಅದು!

ಮಗು ನಡೆಯಲು ಶುರುಮಾಡಿದಾಗ ಗೊತ್ತಾಯಿತು, ಎಡಗಾಲು ಬಲಗಾಲಿಗಿಂತ ತುಸು ಗಿಡ್ಡ. ಹೆದರುವಂಥದ್ದೇನಿಲ್ಲ, ದೊಡ್ಡವಳಾಗಲಿ, ನೋಡೋಣ ಎಂದರು ಡಾಕ್ಟರು. ನಡೆಯುವಾಗ ಸ್ವಲ್ಪ ತೂಗುತ್ತಿದ್ದಳು, ಅಷ್ಟೇ. ಓಣಿಯ ಮುದುಕಿಯೊಬ್ಬಳು ಒಮ್ಮೆ 'ಕುಂಟಿ' ಎಂದದ್ದಕ್ಕೆ, 'ಇನ್ನೊಂದ್ ಸಲ ಅಂದ್ರೆ ನಾಲ್ಗೆ ಕಿತ್ತು ಕೈಗೆ ಕೊಡ್ತೆ ನೋಡು' ಎಂದೆ. ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಆದರೆ ಅಂಗಡಿಯ ಫ್ರಾಕಿನ ಬಾಯಿ ಮುಚ್ಚಿಸುವುದು ಹೇಗೆ? ಹಾಕಿದರೆ ಎಡಗಡೆ ಜೋತುಬಿದ್ದು, ಬಲಗಡೆ ಮೇಲೇರಿ, ನೋಡಿದವರ ಕಣ್ಣು ನೇರ ಅವಳ ಕಾಲಿಗೇ ಹೋಗುತ್ತಿತ್ತು.

ಹಾಗಾಗಿ ಅವಳ ಬಟ್ಟೆಯನ್ನೆಲ್ಲ ನಾನೇ ಹೊಲಿದೆ. ಎಲ್ಲರೂ ಫ್ರಾಕಿನ ಉದ್ದವನ್ನು ಹೆಗಲಿನಿಂದ ಕೆಳಗೆ ಅಳೆಯುತ್ತಾರೆ. ನಾನು ಅವಳಿಗೆ ಕಚ್ಚಾ ಹೊಲಿಗೆಯ ಫ್ರಾಕು ತೊಡಿಸಿ, ಮಣೆಯ ಮೇಲೆ ನಿಲ್ಲಿಸಿ, ಮಣೆಯಿಂದ ಮೇಲಕ್ಕೆ ಅಳೆದು ಸುತ್ತಲೂ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ಕತ್ತರಿಸಿ ನೆಲದ ಮೇಲೆ ಹಾಸಿದರೆ ಅಂಚು ಸೊಟ್ಟ, ಬಲಗಡೆ ಒಂದು ಬೆರಳು ಉದ್ದ. ಅವಳ ಮೈಮೇಲೆ ಬಿದ್ದರೆ ಸಮ. ತನ್ನ ಫ್ರಾಕುಗಳೆಲ್ಲ ಹೀಗೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಹೊಸದು ತೊಟ್ಟ ದಿನ ಅಂಗಳದಲ್ಲಿ ಗಿರಕಿ ಹೊಡೆದು, ತಲೆ ತಿರುಗಿ ಬಿದ್ದು, ನಗುತ್ತಿದ್ದಳು.

ಅವಳಿಗೆ ಆರು ವರ್ಷ ತುಂಬುವಾಗ ಅವಳ ಅಪ್ಪ ಇನ್ನೊಂದು ಮದುವೆಯಾದ. ಕಾರವಾರದ ಕಚೇರಿಯೊಂದರಲ್ಲಿ ಕೆಲಸ, ಶಿರವಾಡದಲ್ಲಿ ಮನೆ. ಮದುವೆಯಾದದ್ದು ತಪ್ಪಲ್ಲ. ಮಗಳನ್ನು ಕರೆದೊಯ್ಯುತ್ತೇನೆ ಎಂದದ್ದೂ ತಪ್ಪಲ್ಲ. ಆದರೂ, 'ಇಷ್ಟು ವರ್ಷ ಎಲ್ಲಿ ಹೋಗಿದ್ಲೋ ನಿನ್ನ ಮಗಳು?' ಎಂದು ಹಿತ್ತಲಲ್ಲಿ ಪಾತ್ರೆ ಕುಕ್ಕಿದೆ. ಅವನು ತಲೆ ತಗ್ಗಿಸಿ ಕೂತಿದ್ದ. 'ಕಾರವಾರದಲ್ಲಿ ಶಾಲೆ ಚಲೋ ಅದೆ ಅಕ್ಕ. ಅವಳಿಗೂ ಒಂದು ಮನೆ ಅಂತ ಬೇಕಲ್ವೆ' ಎಂದ. ಇದೇನು ಛತ್ರವೇ ಎಂದು ಕೇಳಬೇಕೆನಿಸಿತು, ಕೇಳದೆ ಹೊಲಿಗೆಗೆ ಕೂತೆ. ಶಾಲೆಯ ನೀಲಿ ಫ್ರಾಕು ಒಂದು, ಹಬ್ಬಕ್ಕೆ ಹಸಿರಿನದೊಂದು ಹೊಲಿದು ಕಳಿಸಿದೆ. ಅಂಚು ಯಾಕೆ ಹಾಗಿದೆ ಎಂದು ಅವನಿಗೆ ಬಿಡಿಸಿ ಹೇಳಿ, ಹೆಂಡತಿಗೆ ತಿಳಿಸು ಎಂದೆ. ಹೂಂ ಅಂದ. ಗಂಡಸರ ಹೂಂ!

ಚೌತಿಗೆ ಅಪ್ಪನ ಜೊತೆ ಬಂದಳು. ಹಸಿರು ಫ್ರಾಕನ್ನೇ ತೊಟ್ಟಿದ್ದಳು. ಬಸ್ಸಿಳಿದು ಬರುವಾಗ ಬಲಗೈಯಲ್ಲಿ ಅಂಚನ್ನು ಕೆಳಕ್ಕೆ ಜಗ್ಗಿ ಹಿಡಿದುಕೊಂಡಿದ್ದಳು.

'ಎಂತಕ್ಕೆ ಜಗ್ಗೂದು ಮಗಾ?'

'ನೀನು ಸೊಟ್ಟ ಹೊಲಿದಿದ್ದೆ ಅಂತೆ. ಆಯಿ ಕತ್ತರಿಸಿ ಸಮ ಮಾಡಿದ್ಲು, ಶಾಲೆದೂ.' ಆಮೇಲೆ ನನ್ನ ಸೆರಗು ಹಿಡಿದು ಸಣ್ಣ ದನಿಯಲ್ಲಿ ಕೇಳಿದಳು: 'ಸಮ ಮಾಡಿದ್ರೂ ಮಕ್ಕಳು ನಗ್ತಾರೆ. ಸೊಟ್ಟ ಇರೂದು ನಾನೇ ಹೌದಾ ದೊಡ್ಡಾಯಿ?'

'ಯಾವ ಮುಂಡೇಮಕ್ಕಳು ನಗೂದು!' ಎಂದು ಕೂಗಿದೆ.

ಮರುದಿನ ಅವರ ಜೊತೆಗೇ ನಾನೂ ಬಸ್ಸು ಹತ್ತಿದೆ. ಆ ಹೆಂಗಸಿಗೆ ನಾಲ್ಕು ಮಾತು ಅಂದು ಕೂಸನ್ನು ವಾಪಸು ಕರೆತರುವುದೆಂದೇ ಹೊರಟಿದ್ದೆ. ತೋಡೂರು ದಾಟುವಷ್ಟರಲ್ಲಿ ಬಯ್ಯಬೇಕಾದ್ದೆಲ್ಲ ಬಾಯಿಪಾಠವಾಗಿತ್ತು. ಬಾಗಿಲು ತೆರೆದವಳು ನನಗಿಂತ ಎಷ್ಟೋ ಸಣ್ಣವಳು. ಕೈಯೆಲ್ಲ ಕಾಯಿತುರಿ. ನಾನು ಹೊಸ್ತಿಲಲ್ಲೇ ನಿಂತು ಅಂಚಿನ ಕಥೆ ಹೇಳಿ ಮುಗಿಸಿದೆ. ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

'ನಂಗೆ ಯಾರೂ ಹೇಳ್ಲೇ ಇಲ್ಲ ಅಕ್ಕ. ನಿಮ್ಗೆ ಕಣ್ಣು ಸರಿ ಕಾಣೂದಿಲ್ಲ ಅಂದ್ಕಂಡೆ. ತಾಯಿ ಇಲ್ಲದ ಕೂಸು, ಬಟ್ಟೆ ನೋಡಿ ಯಾರೂ ಆಡ್ಕೊಳ್ಳೂದು ಬೇಡ ಅಂತ ಸಮ ಮಾಡ್ದೆ...' ಎಂದು ಬಿಕ್ಕಿ ಬಿಕ್ಕಿ ಅತ್ತಳು. ಮಗು ಓಡಿಹೋಗಿ ಅವಳ ಕೊರಳು ತಬ್ಬಿತು.

ಅವಳು ಕೆಟ್ಟವಳಾಗಿದ್ದರೆ ಎಷ್ಟು ಚಲೋ ಇತ್ತು! ಜಗಳ ಮಾಡಿ ಕೂಸನ್ನು ಕಂಕುಳಿಗೇರಿಸಿ ಬಂದುಬಿಡುತ್ತಿದ್ದೆ. ಕೆಟ್ಟವಳಲ್ಲ, ಏನು ಮಾಡಲಿ. ಇನ್ನು ಎರಡೇ ದಾರಿ ಇತ್ತು. ಹೇಗೆ ಅಳೆಯುವುದೆಂದು ತೋರಿಸದೆ ವಾಪಸು ಬಂದರೆ, ಪ್ರತಿ ಹಬ್ಬಕ್ಕೂ ಮಗು ಬಟ್ಟೆಗಾಗಿ ನನ್ನ ಹತ್ತಿರವೇ ಬರಬೇಕು. ತೋರಿಸಿದರೆ ಬರಬೇಕಾಗಿಲ್ಲ. ಹೊಸ್ತಿಲು ದಾಟಿದೆ. 'ಅಳೂದು ಸಾಕು, ಮಣೆ ತಾ' ಎಂದೆ.

ಮಗುವನ್ನು ಮಣೆಯ ಮೇಲೆ ನಿಲ್ಲಿಸಿದೆ. ಟೇಪು ಅವಳ ಕೈಗೆ ಕೊಟ್ಟೆ. 'ಮೇಲಿಂದ ಅಲ್ವೇ ಮಾರಾಯ್ತಿ, ಕೆಳಗಿಂದ' ಎಂದು ಗದರಿದೆ. ಅವಳು ಮಂಡಿಯೂರಿ ಸುತ್ತ ಸರಿದು ಸರಿದು ಅಳೆದಳು. ತಾನು ಬೀಳದಿರಲೆಂದು ಮಗು ಅವಳ ತಲೆಯ ಮೇಲೆ ಕೈಯಿಟ್ಟುಕೊಂಡಿತ್ತು. ಅದನ್ನು ನೋಡಲಾಗಲಿಲ್ಲ ನನಗೆ. ನೀರು ಕುಡಿದು ಬರುತ್ತೇನೆಂದು ಒಳಗೆ ಹೋದೆ.

ದೀಪಾವಳಿಗೆ ಅಪ್ಪನೂ ಮಗಳೂ ಬೆಳಿಗ್ಗೆ ಬಂದು ಸಂಜೆ ಹೊರಟರು. ಹಳದಿ ಫ್ರಾಕು ತೊಟ್ಟಿದ್ದಳು, ಆಯಿ ಹೊಲಿದದ್ದಂತೆ. ಮುಂದಿನಿಂದ ನೋಡಿದೆ, ಹಿಂದಿನಿಂದ ನೋಡಿದೆ. ಒಂದು ನೂಲಿನಷ್ಟು ತಪ್ಪು ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ. ಕೂಸು ಎರಡು ಕೈಯನ್ನೂ ಬೀಸಿಕೊಂಡು ಅಂಗಳವಿಡೀ ಓಡಾಡಿತು.

'ಹಬ್ಬ ಮುಗಿಯೂವರೆಗೆ ಇಲ್ಲೇ ಇರೇ' ಎಂದೆ, ಅವಳು ಚಪ್ಪಲಿ ಮೆಟ್ಟುವಾಗ.

ಅವಳು ನನ್ನ ಗಲ್ಲ ಸವರಿ, ದೊಡ್ಡವರು ಸಣ್ಣವರನ್ನು ಸಮಾಧಾನ ಮಾಡುವಂತೆ ಹೇಳಿದಳು: 'ಇನ್ನೊಂದ್ ಸಲ ಬರ್ತೆ ದೊಡ್ಡಾಯಿ. ನಾನಿಲ್ದೆ ಆಯಿಗೆ ನಿದ್ದೆ ಬರೂದಿಲ್ಲ.'

ನಿನಗೆ ಬರ್ತದಾ ಎಂದು ಅವಳು ನನ್ನನ್ನು ಕೇಳಲಿಲ್ಲ. ಕೇಳುವ ವಯಸ್ಸೂ ಅಲ್ಲ. 'ಹಾಗಾದ್ರೆ ಬೇಗ ಹೋಗು, ಬಸ್ಸು ತಪ್ತದೆ' ಎಂದೆ.