ಕುರ್ಚಿಯ ಮೇಲಿನ ನಮಾಜು

“ಡಾಕ್ಟ್ರೇ, ಆಪರೇಷನ್ ಆದ್ಮೇಲೆ ಹಣೆ ನೆಲಕ್ಕೆ ಇಡಬೋದಾ?”

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯವರು ಕೇಳಿದರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರು. ನನ್ನಂತೆಯೇ ಬೆನ್ನಿನ ಡಿಸ್ಕ್ ಜಾರಿತ್ತು. ಸಣ್ಣ ರಂಧ್ರದ ಆಪರೇಷನ್, ಮಾರನೇ ದಿನವೇ ಮನೆಗೆ ಹೋಗಬಹುದು ಎಂದು ಡಾಕ್ಟರು ಆಗಷ್ಟೇ ವಿವರಿಸಿದ್ದರು.

“ಕೆಲವು ವಾರ ಬಗ್ಗಂಗಿಲ್ಲಮ್ಮ. ಆಮೇಲೆ ನೋಡಣ.”

“ಎರಡು ವರ್ಷದಿಂದ ಕುರ್ಚಿ ಮೇಲೇ ನಮಾಜು. ಅಲ್ಲಾನ ಮುಂದೆ ಸಾಹೇಬ್ರ ತರ ಕೂತಿದೀನಿ,” ಎಂದು ನಕ್ಕವರು ಮುಖವನ್ನು ಗೋಡೆಗೆ ತಿರುಗಿಸಿದರು.

ನನಗೆ ಬೆನ್ನಿಗೆ ಇಂಜೆಕ್ಷನ್ ಸಾಕೆಂದಿದ್ದರು. ನೋವು ಎಷ್ಟೆಂದು ಕೇಳಿದಾಗಲೆಲ್ಲ ಹತ್ತಕ್ಕೆ ಆರು ಎನ್ನುತ್ತಿದ್ದೆ. ಬೆಳಿಗ್ಗೆ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಇಡುವ ಆಸೆಯನ್ನು ಯಾರಿಗೂ ಹೇಳಿರಲಿಲ್ಲ. ಡಾಕ್ಟರು ನನ್ನ ಹಾಸಿಗೆಯ ಬಳಿ ಬಂದಾಗ, ಮೊದಲು ಅದನ್ನೇ ಕೇಳಿದೆ.